ಆರನ್ ಸ್ವಾರ್ಟ್ಜ್ ಪುಟಗಳು: ಈವರೆಗೆ ಎಷ್ಟಾಯ್ತು, ಎಲ್ಲಿ ಕೆಟ್ಟಿತು

ನವೆಂಬರ್ 9, ಭಾನುವಾರ

ಅಂತೂ ಶುರು ಮಾಡಿದೆ. ಅಮೆರಿಕದ ಪ್ರೋಗ್ರಾಮರ್ ಆರನ್ ಸ್ವಾರ್ಟ್ಜ್ ಬಗ್ಗೆ ಕನ್ನಡದಲ್ಲಿ ಒಂಬತ್ತು ಪುಟದ ಪುಟ್ಟ ಸೈಟ್. ನಿನ್ನೆ ಅವನ ಹುಟ್ಟುಹಬ್ಬ. ಇದ್ದಿದ್ದರೆ 39 ತುಂಬುತ್ತಿತ್ತು.

ಅವನ ಬಗ್ಗೆ ನಾನು ಓದಿದ ಬರಹಗಳು ಹೆಚ್ಚಾಗಿ ಸಾವಿನಿಂದ ಶುರುವಾಗುತ್ತವೆ, ಇಲ್ಲವೇ ‘ಬಾಲ ಪ್ರತಿಭೆ’ ಅಂತ ಹೊಗಳಿ ಶುರುವಾಗುತ್ತವೆ. ಎರಡೂ ನನಗೆ ಹಿಡಿಸಲಿಲ್ಲ. ನಾನು ಕೆಲಸದಲ್ಲಿ ದಿನಾ ಮುಟ್ಟುವ ಮೂರ್ನಾಲ್ಕು ಸಾಮಾನುಗಳಲ್ಲಿ ಅವನ ಕೈ ಇದೆ. ಅಲ್ಲಿಂದಲೇ ಹೋಗೋಣ ಅಂತ ಒಂದು ಕಟ್ಟು ಹಾಕಿಕೊಂಡೆ: ಅವನು ಕೈ ಹಾಕಿದ ಸಾಮಾನಿನಿಂದಲೇ ಸೈಟ್ ಕಟ್ಟಬೇಕು. ಬರೆಯುವುದು ಮಾರ್ಕ್‌ಡೌನ್‌ನಲ್ಲಿ, ಅಂದ್ರೆ ಸಾದಾ ಬರಹದಲ್ಲೇ ತಲೆಬರಹ, ದಪ್ಪಕ್ಷರ ಗುರುತಿಸುವ ಕ್ರಮದಲ್ಲಿ. ನಡೆಸುವುದು ವೆಬ್.ಪೈ ಮೇಲೆ, ಅದು ಪೈಥಾನ್ ಭಾಷೆಯಲ್ಲಿ ಸೈಟ್ ಕಟ್ಟುವ ಸಾಮಾನು. ಹೊಸ ಪುಟ ಬಂದಾಗ ತಿಳಿಸಲು ಆರ್‌ಎಸ್‌ಎಸ್ 1.0. ಲೈಸೆನ್ಸ್ ಕ್ರಿಯೇಟಿವ್ ಕಾಮನ್ಸ್, ಯಾರು ಬೇಕಾದರೂ ಹಂಚಿಕೊಳ್ಳಲಿ ಅಂತ.

ಇವತ್ತು ಮಾರ್ಕ್‌ಡೌನ್ ಪುಟ ಮುಗಿಯಿತು. ಅದನ್ನು 2004ರಲ್ಲಿ ಜಾನ್ ಗ್ರೂಬರ್ ಹೊರತಂದಾಗ ಜೊತೆಗಿದ್ದವನು ಆರನ್. ಅದಕ್ಕೂ ಎರಡು ವರ್ಷ ಮೊದಲು ಅವನದೇ ಒಂದು ಸಣ್ಣ ಬರವಣಿಗೆ ಕ್ರಮ ಇತ್ತು, ಹೆಸರು ಎಟಿಎಕ್ಸ್. ತಲೆಬರಹಕ್ಕೆ ಸಾಲಿನ ಮುಂದೆ ಹ್ಯಾಶ್ ಹಾಕುವುದು ಅಲ್ಲಿಂದ ಬಂದದ್ದು. ಅಷ್ಟು ವರ್ಷ ಹ್ಯಾಶ್ ಒತ್ತುತ್ತಾ ಬಂದಿದ್ದೇನೆ, ಯಾರು ಅಂತ ಒಮ್ಮೆಯೂ ಕೇಳಿರಲಿಲ್ಲ.

ನವೆಂಬರ್ 16

ವೆಬ್.ಪೈ ಏಳಿಸಿದೆ. ಎಷ್ಟು ಚಿಕ್ಕದು ಅಂದ್ರೆ, ಯಾವ ವಿಳಾಸಕ್ಕೆ ಯಾವ ಕ್ಲಾಸ್ ಅಂತ ಒಂದು ಪಟ್ಟಿ, ಕ್ಲಾಸ್ ಒಳಗೆ ಗೆಟ್ ಅನ್ನುವ ಒಂದು ಫಂಕ್ಷನ್. ಪುಟ ಬಂತು! 2005ರ ಕೊನೆಗೆ ಚರ್ಚೆಯ ತಾಣ ರೆಡಿಟ್ಟನ್ನು ಲಿಸ್ಪ್ ಭಾಷೆಯಿಂದ ಪೈಥಾನ್‌ಗೆ ಬದಲಿಸಿದಾಗ ಅದು ನಿಂತದ್ದು ಇದರ ಮೇಲೆ. ಆರನ್ ಕಂಪನಿ ಇನ್ಫೊಗಾಮಿ ಆ ವರ್ಷವೇ ರೆಡಿಟ್ ಜೊತೆ ಸೇರಿತ್ತು. 2006ರಲ್ಲಿ ಪತ್ರಿಕೆಗಳ ಕಂಪನಿ ಕಾಂಡೆ ನಾಸ್ಟ್ ರೆಡಿಟ್ಟನ್ನು ಕೊಂಡಿತು. ದುಡ್ಡು ಬಂತು, ಆಫೀಸ್ ಬಂತು, ಇವನಿಗೆ ಆಫೀಸ್ ಒಗ್ಗಲಿಲ್ಲ. 2007ರ ಶುರುವಿನಲ್ಲೇ ಹೊರಗೆ.

ನನಗೆ ಖುಷಿ ಕೊಟ್ಟ ವಿಷಯ ಬೇರೆ. ಮುಂದೆ ವೆಬ್.ಪೈಯನ್ನು ನೋಡಿಕೊಂಡವರು ಬೆಂಗಳೂರಿನ ಆನಂದ್ ಚಿಟಿಪೋತು. ಆರನ್ 2007ರಲ್ಲಿ ಶುರು ಮಾಡಿದ ಓಪನ್ ಲೈಬ್ರರಿಯಲ್ಲೂ ಅವರ ಕೆಲಸ ಇದೆ. ಪ್ರತಿ ಪುಸ್ತಕಕ್ಕೂ ಒಂದು ಪುಟ, ಇದು ಅಲ್ಲಿನ ಲೆಕ್ಕ.

ನವೆಂಬರ್ 23

ಇಡೀ ದಿನ ವಿಳಾಸದಲ್ಲೇ ಹೋಯಿತು. ತಲೆಬರಹದಿಂದ ಪುಟದ ವಿಳಾಸ ತಾನಾಗಿ ಆಗಲಿ ಅಂತ ನಾಲ್ಕು ಸಾಲು ಬರೆದಿದ್ದೆ: ಅಕ್ಷರ ಅಲ್ಲದ್ದನ್ನೆಲ್ಲ ತೆಗೆ. ನೋಡಿದರೆ ‘ಕಾನೂನು’ ಹೋಗಿ ‘ಕನನ’ ಆಗಿದೆ. ‘ಸ್ವಾರ್ಟ್ಜ್’ ಹೋಗಿ ‘ಸವರಟಜ’. ಮಗಳು ಬಿದ್ದು ಬಿದ್ದು ನಕ್ಕಳು.

ಕಾರಣ ಇಷ್ಟೇ. ಪೈಥಾನ್‌ನ ಕಣ್ಣಲ್ಲಿ ಕ ಅಕ್ಷರ, ಆದರೆ ಅದರ ದೀರ್ಘ, ಕೊಂಬು, ಒತ್ತು ಕೊಡುವ ಗುರುತು ಯಾವುದೂ ಅಕ್ಷರ ಅಲ್ಲ. ಯುನಿಕೋಡ್‌ನಲ್ಲಿ ಅವುಗಳದ್ದು ಬೇರೆ ವರ್ಗ, ‘ಎಂ’ನಿಂದ ಶುರುವಾಗುತ್ತದೆ. ಆ ವರ್ಗವನ್ನೂ ಉಳಿಸು ಅಂತ ಸೇರಿಸಿದ ಮೇಲೆ ಕಾನೂನು ವಾಪಸ್ ಬಂತು. ಆಮೇಲೆ ‘ಮಾರ್ಕ್‌ಡೌನ್’ ನೋಡಿದರೆ ‘ಡೌ’ ಹೋಗಿ ‘ಕ’ದ ಕೆಳಗೆ ಒತ್ತಾಗಿ ಕೂತಿದೆ. ನಡುವೆ ಕಣ್ಣಿಗೆ ಕಾಣದ ಒಂದು ಜೋಡಿಸದ ಗುರುತು ಇತ್ತಲ್ಲ, ಅದೂ ಉದುರಿತ್ತು. ಅದಕ್ಕೊಂದು ಬೇರೆ ಸಾಲು. ಈಗ ಸರಿ.

ಮಗಳು ಇನ್ನೊಂದು ತಪ್ಪು ಹಿಡಿದಳು. ಮೊದಲ ಪುಟದಲ್ಲಿ ‘ಅವನು’, ಮೂರನೇ ಪುಟದಲ್ಲಿ ‘ಅವರು’. “ಯಾವ ವಯಸ್ಸಿಗೆ ಅವರು ಆಗ್ತಾರೆ ಅಪ್ಪ?” ಅಂದಳು. ಕಥೆ ಅವನನ್ನು ಕೋರ್ಟ್ ಮೆಟ್ಟಿಲು ಹತ್ತಿಸಿದ ಕೂಡಲೇ ನಾನೇ ಬಹುವಚನ ಕೊಟ್ಟಿದ್ದೆ, ಗಮನಿಸಿರಲಿಲ್ಲ. ಎಲ್ಲ ಕಡೆ ‘ಅವನು’ ಮಾಡಿದೆ. ಹತ್ತಿರದವರನ್ನು ಹಾಗೇ ಅಲ್ವಾ ಕರೆಯೋದು.

ಡಿಸೆಂಬರ್ 7

ಹೋದ ವಾರ ಮದುವೆ ಮನೆ, ಕೆಲಸ ಇಲ್ಲ.

ಆರ್‌ಎಸ್‌ಎಸ್ 1.0 ಬರೆಯುವುದು ತಲೆನೋವು. ಪ್ರತಿ ಪುಟವನ್ನೂ ಎರಡು ಸಲ ಹೇಳಬೇಕು: ಮೇಲೆ ಒಂದು ಪಟ್ಟಿಯಲ್ಲಿ ವಿಳಾಸ, ಕೆಳಗೆ ಮತ್ತೆ ವಿವರ. ನಂತರ ಬಂದ 2.0 ಎಷ್ಟೋ ಸಲೀಸು. ಕಟ್ಟು ಕಟ್ಟೇ, ಬೈದುಕೊಂಡು ಬರೆದೆ. ಇದನ್ನು ಮಾಡಿದ ಗುಂಪಿನಲ್ಲಿ ಆರನ್ ಇದ್ದಾಗ ಅವನಿಗೆ 14. ಎಲ್ಲ ಇಮೇಲ್‌ನಲ್ಲೇ ನಡೆಯುತ್ತಿತ್ತು. ಒಮ್ಮೆ ಮುಖತಃ ಸೇರೋಣ ಅಂತ ಕರೆದಾಗ, ಅಮ್ಮ ಕಳಿಸ್ತಾಳೋ ಇಲ್ವೋ, ನನಗಿನ್ನೂ 14 ಅಂದನಂತೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಅಂತಲೂ ಬರೆದಿದ್ದೆ. ಒಂಬತ್ತನೇ ಕ್ಲಾಸಿನ ಮಗಳು ಓದಿ “ಹಾಗಾದ್ರೆ ನಾನೂ?” ಅಂದಳು. ಆ ಸಾಲು ಸದ್ಯಕ್ಕೆ ಇದೆ, ಮಾತುಕತೆ ನಡೆಯುತ್ತಿದೆ.

ಡಿಸೆಂಬರ್ 21

ಪೇಸರ್ ಪುಟ ಮುಗಿಯಿತು. ಒಂಬತ್ತರಲ್ಲಿ ನನಗೆ ಇಷ್ಟವಾದದ್ದು ಇದು.

ಪೇಸರ್ ಅಂದ್ರೆ ಅಮೆರಿಕದ ಫೆಡರಲ್ ಕೋರ್ಟುಗಳ ಕಾಗದಪತ್ರ ಸಿಗುವ ಸರ್ಕಾರಿ ವ್ಯವಸ್ಥೆ. ತೀರ್ಪುಗಳಿಗೆ ಅಲ್ಲಿ ಕಾಪಿರೈಟ್ ಇಲ್ಲ, ಜನರ ಸ್ವತ್ತು. ಆದರೂ 2008ರಲ್ಲಿ ನೋಡಲು ಪುಟಕ್ಕೆ 8 ಸೆಂಟ್ ಕೊಡಬೇಕಿತ್ತು. ನಮ್ಮಲ್ಲಿ ಪಹಣಿಗೆ ದುಡ್ಡು ಕೊಟ್ಟು ಕ್ಯೂ ನಿಂತವರಿಗೆ ಇದು ಬೇಗ ಅರ್ಥವಾಗುತ್ತದೆ. ಆ ಸುಮಾರಿಗೆ 17 ಲೈಬ್ರರಿಗಳಲ್ಲಿ ಪ್ರಯೋಗಕ್ಕೆಂದು ಪುಕ್ಕಟೆ ಬಿಟ್ಟರು. ಕಾರ್ಲ್ ಮಲಮೂದ್ ಅನ್ನುವವರು ಜನರನ್ನು ಹುರಿದುಂಬಿಸಿದರು: ಪೆನ್‌ಡ್ರೈವ್ ಹಿಡಿದು ಹೋಗಿ, ಇಳಿಸಿಕೊಂಡು ಬನ್ನಿ. ಆರನ್ ಪೆನ್‌ಡ್ರೈವ್ ಬದಲು ಸ್ಕ್ರಿಪ್ಟ್ ಬರೆದ. ಹತ್ತಿರ ಹತ್ತಿರ 2 ಕೋಟಿ ಪುಟ ಬಂತು. 8 ಸೆಂಟ್ ಲೆಕ್ಕದಲ್ಲಿ 16 ಲಕ್ಷ ಡಾಲರ್. ಪ್ರಯೋಗವನ್ನೇ ನಿಲ್ಲಿಸಿದರು. ಎಫ್‌ಬಿಐ ವಿಚಾರಿಸಿತು, ಕೇಸ್ ಹಾಕಲಿಲ್ಲ. ಆಮೇಲೆ ಇವನು ತನ್ನ ಮೇಲಿನ ಎಫ್‌ಬಿಐ ಫೈಲನ್ನೇ ಮಾಹಿತಿ ಹಕ್ಕಿನ ಕಾನೂನಿನಲ್ಲಿ ತರಿಸಿಕೊಂಡು ಎಲ್ಲರಿಗೂ ತೋರಿಸಿದ. ಈ ತುಂಟತನ ನನಗೆ ಬಹಳ ಇಷ್ಟ.

ಮಲಮೂದ್ ಆ ರಾಶಿಯಲ್ಲಿ ಜನರ ಖಾಸಗಿ ನಂಬರುಗಳನ್ನು ಮುಚ್ಚದೆ ಬಿಟ್ಟಿದ್ದು ಕಂಡು ಕೋರ್ಟುಗಳಿಗೇ ತಿಳಿಸಿದರು. ಅದೇ ಮಲಮೂದ್, ಬೆಂಗಳೂರಿನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಹೆಸರಿನಲ್ಲಿ ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್ ಸೇರುತ್ತಿರುವ ಕನ್ನಡ ಪುಸ್ತಕಗಳ ಕೆಲಸದಲ್ಲೂ ಇದ್ದಾರೆ. ಅಂಥ ಪುಸ್ತಕ ಎಷ್ಟೋ ಓದಿದ್ದೇನೆ, ಈ ನಂಟು ಗೊತ್ತಿರಲಿಲ್ಲ.

ಜನವರಿ 4

ಅಮೆರಿಕದ ವಿಶ್ವವಿದ್ಯಾಲಯ ಎಂಐಟಿಯ ಪುಟ ಹಿಟ್ಟು ಉಬ್ಬಿದ ಹಾಗೆ ಉಬ್ಬುತ್ತಿದೆ. ಕಥೆಯೇ ಸಿನಿಮಾ ಇದ್ದಂಗಿದೆ, ತಡೆಯೋದು ಕಷ್ಟ. 16ನೇ ಕಟ್ಟಡದ ನೆಲಮಾಳಿಗೆ, ವೈರ್‌ಗಳ ಕೋಣೆ, ಪೆಟ್ಟಿಗೆಯ ಅಡಿಯಲ್ಲಿ ಆರನ್ ಇಟ್ಟಿದ್ದ ಒಂದು ಏಸರ್ ಲ್ಯಾಪ್‌ಟಾಪ್. ನೆಟ್‌ವರ್ಕ್‌ನಲ್ಲಿ ಕೊಟ್ಟ ಹೆಸರು ‘ಗ್ಯಾರಿ ಹೋಸ್ಟ್’, ಚಿಕ್ಕದಾಗಿ ‘ಘೋಸ್ಟ್’. ಅದು 2010ರ ಸೆಪ್ಟೆಂಬರ್‌ನಿಂದ ಜೆಸ್ಟೋರ್ ಅನ್ನುವ ಆನ್‌ಲೈನ್ ಭಂಡಾರದ ಸಂಶೋಧನಾ ಲೇಖನಗಳನ್ನು ಇಳಿಸುತ್ತಿತ್ತು, ಒಟ್ಟು 40 ಲಕ್ಷಕ್ಕೂ ಜಾಸ್ತಿ. 2011ರ ಜನವರಿ 6ರಂದು ಬಂಧನ.

ಇಲ್ಲಿ ಅವನನ್ನು ದೇವರು ಮಾಡಬಾರದು ಅಂತ ಎಚ್ಚರ ವಹಿಸಿದ್ದೇನೆ. ಅವನ ಸ್ಕ್ರಿಪ್ಟ್‌ನಿಂದಾಗಿ ಜೆಸ್ಟೋರ್ ಅಕ್ಟೋಬರ್‌ನಲ್ಲಿ ಕೆಲವು ದಿನ ಇಡೀ ಎಂಐಟಿಯನ್ನೇ ಹೊರಗಿಟ್ಟಿತು. ಓದುವ ಹುಡುಗರಿಗೆ ತೊಂದರೆ ಆಗಿರಲೇಬೇಕು. ಆದರೆ ಜೆಸ್ಟೋರ್ ಫೈಲ್‌ಗಳನ್ನು ವಾಪಸ್ ಪಡೆದು ರಾಜಿ ಮಾಡಿಕೊಂಡಿತು. ಬಿಡದೆ ಹಿಡಿದದ್ದು ಸರ್ಕಾರಿ ವಕೀಲರು. ನಾಲ್ಕು ಆರೋಪ ಇದ್ದದ್ದು 2012ರಲ್ಲಿ 13 ಆಯಿತು. ಎಲ್ಲ ಸಾಬೀತಾದರೆ 50 ವರ್ಷದವರೆಗೆ ಜೈಲು. ಬಳಸಿದ ಮುಖ್ಯ ಕಾನೂನು, ಕಂಪ್ಯೂಟರ್ ವಂಚನೆಯದು, ಬಂದದ್ದು 1986ರ ಅಕ್ಟೋಬರ್‌ನಲ್ಲಿ, ಅವನು ಹುಟ್ಟುವ ಮೂರು ವಾರ ಮೊದಲು. ಮನೆಗೆ ಕಂಪ್ಯೂಟರ್ ಬರುವುದೇ ಅಪರೂಪವಾಗಿದ್ದ ಕಾಲದ್ದು.

ಕೇಸ್ ತಲೆ ಮೇಲೆ ತೂಗುತ್ತಿರುವಾಗಲೇ ಇಂಟರ್ನೆಟ್ ಪೈರಸಿ ತಡೆಯುವ ಹೆಸರಿನಲ್ಲಿ ಬಂದ ಸೋಪಾ ಮಸೂದೆಯ ವಿರುದ್ಧ ಓಡಾಡಿದ. 2012ರ ಜನವರಿ 18ಕ್ಕೆ ಇಂಗ್ಲಿಷ್ ವಿಕಿಪೀಡಿಯ ಒಂದು ದಿನ ಕಪ್ಪಾಯಿತು, ಎರಡು ದಿನಕ್ಕೆ ಮಸೂದೆ ಮೂಲೆ ಸೇರಿತು. ಅದಕ್ಕೆ ಬೇರೆ ಪುಟ, ಅದು ಸಲೀಸಾಗಿ ಮುಗಿಯಿತು.

ಜನವರಿ 11

ಇವತ್ತಿಗೆ ಸೈಟ್ ಹೊರಬಿಡಬೇಕು ಅಂದುಕೊಂಡಿದ್ದೆ, ಆಗಲಿಲ್ಲ.

ಎಂಟನೇ ಪುಟವನ್ನು ಏಳು ಸಲ ಬರೆದೆ. ಮೊದಲನೆಯದು ಎರಡು ಸಾವಿರ ಪದ, ಈಗ ಉಳಿದದ್ದು ಆರು ಸಾಲು. 2013ರ ಜನವರಿ 11ರಂದು ಬ್ರೂಕ್ಲಿನ್‌ನ ಮನೆಯಲ್ಲಿ ಅವನು ತನ್ನ ಜೀವ ತೆಗೆದುಕೊಂಡ. 26 ವರ್ಷ. ಮೂರು ದಿನಕ್ಕೆ ಸರ್ಕಾರ ಕೇಸ್ ಕೈಬಿಟ್ಟಿತು. ಖಿನ್ನತೆ ಬಗ್ಗೆ ಅವನೇ 2007ರಲ್ಲಿ ಬರೆದಿದ್ದ. ‘ಇದರಿಂದಲೇ ಹೀಗಾಯಿತು’ ಅನ್ನುವ ವಾಕ್ಯ ಪ್ರತಿ ಕರಡಿನಲ್ಲೂ ಹೇಗೋ ನುಸುಳುತ್ತಿತ್ತು. ಪ್ರತಿ ಸಲವೂ ಹೊಡೆದುಹಾಕಿದೆ.

ಒಂಬತ್ತನೆಯದು, ಅವನ ನಂತರ ಏನಾಯಿತು ಅನ್ನುವುದು, ಅರ್ಧ ಆಗಿದೆ. ಪತ್ರಕರ್ತರಿಗೆ ಗುಟ್ಟಾಗಿ ದಾಖಲೆ ಕಳಿಸಲು ಅವನು ಪತ್ರಕರ್ತ ಕೆವಿನ್ ಪೌಲ್ಸನ್ ಜೊತೆ ಕಟ್ಟುತ್ತಿದ್ದ ಡೆಡ್‌ಡ್ರಾಪ್ ಈಗ ಸೆಕ್ಯೂರ್‌ಡ್ರಾಪ್ ಆಗಿ ನಡೆಯುತ್ತಿದೆ. ಆ ಹಳೇ ಕಾನೂನು ತಿದ್ದಲು 2013ರಲ್ಲಿ ಅಮೆರಿಕದ ಸಂಸದೆ ಜೋ ಲಾಫ್‌ಗ್ರೆನ್ ತಂದ ‘ಆರನ್ ಕಾನೂನು’ ಪಾಸಾಗಲೇ ಇಲ್ಲ. ಇವೆರಡೂ ಬರೆದಾಗಿದೆ.

ಬಾಕಿ ಇರುವುದು: ಮೊಬೈಲ್‌ನಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತಿದೆ, ಸಾಲಿನ ಎತ್ತರ ಜಾಸ್ತಿ ಮಾಡಬೇಕು. ಆರ್‌ಎಸ್‌ಎಸ್ ಫೀಡ್‌ನಲ್ಲಿ ತಾರೀಕು ಒಂದು ದಿನ ಹಿಂದೆ ತೋರಿಸುತ್ತಿದೆ, ನಮ್ಮ ಐದೂವರೆ ಗಂಟೆ ಎಲ್ಲೋ ಬಿಟ್ಟುಹೋಗಿದೆ. ಅದನ್ನು ಮುಂದಿನ ಭಾನುವಾರ ಮಗಳು ನೋಡ್ತಾಳಂತೆ, ನನ್ನನ್ನು ಮುಟ್ಟಬೇಡ ಅಂದಿದ್ದಾಳೆ.