ಪಕ್ಕದವನ ಅಡಕತ್ತರಿ

ಶಿವಮೊಗ್ಗದ ಎಪಿಎಂಸಿ ಅಂಗಳದಲ್ಲಿ ಅಡಿಕೆ ಖರೀದಿಸುವ ಸಾಹುಕಾರರೊಬ್ಬರ ಬಳಿ ನಾನು ಕೆಲಸಕ್ಕೆ ಸೇರಿ 11 ವರ್ಷವಾಯಿತು. ಬೆಳಿಗ್ಗೆ ಮಂಡಿಯಿಂದ ಮಂಡಿಗೆ ಹೋಗಿ ಲಾಟುಗಳನ್ನು, ಅಂದರೆ ಒಟ್ಟಿಗೆ ಮಾರಾಟಕ್ಕಿಟ್ಟ ಚೀಲಗಳ ಗುಂಪುಗಳನ್ನು, ನೋಡುವುದು, ಟೆಂಡರಿಗೆ ದರ ಹಾಕುವುದು ನನ್ನ ಕೆಲಸ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬಗೆಗಳೇನೋ ಬೆರಳೆಣಿಕೆಯಷ್ಟು. ಆದರೆ ಒಂದೊಂದು ಚೀಲಕ್ಕೂ ಅದರದೇ ಜಾತಕ. ಬೇಯಿಸುವಾಗ ಚೊಗರು (ಬಣ್ಣ ಕೊಡುವ ಅಡಿಕೆಯ ಕಷಾಯ) ಸರಿಯಾಗಿ ಹಿಡಿದಿದೆಯೇ, ಅಂಗಳದಲ್ಲಿ ಸಾಕಷ್ಟು ಬಿಸಿಲು ಕಂಡಿದೆಯೇ ಎಂದು ತಿಳಿಯಬೇಕಾದರೆ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಬೇಕು. ತಳದಲ್ಲಿ ತಣ್ಣಗೆನಿಸಿದರೆ ಅನುಮಾನಿಸಬೇಕು. ನಾಲ್ಕು ಅಡಿಕೆ ತೆಗೆದು ಕತ್ತರಿಸಬೇಕು. ಒಣಗಿದ್ದು ‘ಟಕ್’ ಎಂದು ಸಿಡಿಯುತ್ತದೆ, ತೇವ ಉಳಿದದ್ದು ಸದ್ದಿಲ್ಲದೆ ಅಡಕತ್ತರಿಗೆ ಬಗ್ಗುತ್ತದೆ.

ಟೆಂಡರಿನಲ್ಲಿ ಒಬ್ಬರು ಹಾಕಿದ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ಹಾಗಾಗಿ ಪೈಪೋಟಿಯೆಲ್ಲ ತಲೆಯೊಳಗೇ ನಡೆಯುತ್ತದೆ. ಸೇರಿದ ಮೂರನೆಯ ವರ್ಷದ ಹೊತ್ತಿಗೆ ನಾನು ಅಡಿಕೆಗಿಂತ ಮುಖಗಳನ್ನು ಓದುವುದರಲ್ಲಿ ಪಳಗಿದ್ದೆ. ಯಾರು ಯಾವ ಲಾಟಿನ ಮುಂದೆ ಎಷ್ಟು ಹೊತ್ತು ನಿಂತರು, ಯಾರು ಎಷ್ಟು ಅಡಿಕೆ ಕತ್ತರಿಸಿದರು ಎಂಬುದೆಲ್ಲ ಬಾಯಿಪಾಠ. ಅದನ್ನೇ ಜಾಣತನ ಎಂದುಕೊಂಡಿದ್ದೆ.

ಆ ಜುಲೈನಲ್ಲಿ ಬಿಡದೆ ಮಳೆ. ಸುಮಾರು 12 ಕ್ವಿಂಟಲ್‌ನ ರಾಶಿ ಲಾಟು ನೋಡಿ ಮನಸ್ಸಿನಲ್ಲೇ ಕ್ವಿಂಟಲ್‌ಗೆ 49,200 ರೂಪಾಯಿ ಎಂದು ಲೆಕ್ಕ ಹಾಕಿದ್ದೆ. ಅಷ್ಟರಲ್ಲಿ ನನ್ನದೇ ವಯಸ್ಸಿನ ಇನ್ನೊಬ್ಬ ಖರೀದಿಯವನು ಬಂದ. ಒಂದಲ್ಲ ಎರಡಲ್ಲ, ಆರು ಅಡಿಕೆ ಕತ್ತರಿಸಿದ. ಒಂದು ಹೋಳನ್ನು ಬಾಯಿಗೂ ಹಾಕಿಕೊಂಡು ತಲೆಯಾಡಿಸಿದ. ನನಗೆ ಕಂಡದ್ದು ಆ ತಲೆಯಾಡಿಸಿದ್ದು ಮಾತ್ರ. ಚೀಲದ ತಳ ತಣ್ಣಗಿದ್ದುದು ಕೈಗೆ ಗೊತ್ತಾಗಿತ್ತು, ತಲೆ ಕೇಳಲಿಲ್ಲ. 51,000 ಹಾಕಿದೆ.

ಲಾಟು ನಮ್ಮದಾಯಿತು. ಗೋದಾಮಿನಲ್ಲಿ ಸುರಿದು ಮತ್ತೆ ಒಣಗಿಸಿದಾಗ 30 ಕಿಲೋ ತೂಕವೇ ಇಳಿಯಿತು. ನನ್ನ ಮೊದಲಿನ ದರದಲ್ಲೇ ಬೆಲೆ ಕಟ್ಟಿದರೆ 36 ಸಾವಿರ ಚಿಲ್ಲರೆ ನಷ್ಟ. ಆಗ ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. ಸಾಹುಕಾರರು ಕೂಗಾಡಲಿಲ್ಲ. ಚಾಪೆಯ ಮೇಲೆ ಹರವಿದ ಅಡಿಕೆಯನ್ನು ಪಾದದಿಂದ ಸ್ವಲ್ಪ ಸರಿಸಿ, “ಏನು ತಮ್ಮಾ, ಅಡಿಕೆಗೆ ದರ ಹಾಕಿದೆಯೋ, ಆ ಹುಡುಗನಿಗೆ ಹಾಕಿದೆಯೋ?” ಎಂದು ಕೇಳಿದರು. ಆಮೇಲೆ ತಿಳಿದದ್ದು ಇನ್ನೂ ಚೆನ್ನಾಗಿತ್ತು: ಅವನು ಆ ಲಾಟಿಗೆ ದರವನ್ನೇ ಹಾಕಿರಲಿಲ್ಲ. ಅವನ ಸಂಚಿಯಲ್ಲಿ ಅಡಿಕೆ ಮುಗಿದಿತ್ತು. ಎಲೆ ಹಾಕಿಕೊಳ್ಳಲು ಕತ್ತರಿಸಿದ್ದನಂತೆ.

ಮನಸ್ಸು ನಿಲ್ಲಲಿ ಎಂದು ಆ ವರ್ಷ ಧ್ಯಾನದ ತರಗತಿಗೂ ಹೋದೆ. ಅಲ್ಲಿಯೂ ಕಣ್ಣು ಅರೆ ತೆರೆದು ಪಕ್ಕದವರು ಎಷ್ಟು ನೆಟ್ಟಗೆ ಕುಳಿತಿದ್ದಾರೆ ಎಂದು ನೋಡುತ್ತಿದ್ದೆ. ಒಂದು ವಾರಕ್ಕೆ ಬಿಟ್ಟೆ.

ನನಗೆ ಒಗ್ಗಿದ್ದು ಸಾಹುಕಾರರ ಹಳೆಯ ರೂಢಿ. ಅವರು ಲಾಟು ನೋಡಿದ ಕೂಡಲೇ ಅಲ್ಲೇ ನಿಂತು ಚೀಟಿಯಲ್ಲಿ ಅಂಕಿ ಬರೆದು, ಮಡಿಸಿ, ಅಂಗಿಯ ಜೇಬಿಗೆ ಹಾಕಿ ಕಾಫಿಗೆ ಹೋಗಿಬಿಡುತ್ತಿದ್ದರು. ಯಾರು ಬಂದರು, ಏನು ಮಾಡಿದರು ಎಂದು ನೋಡಲು ಅವರು ಅಲ್ಲಿರುತ್ತಲೇ ಇರಲಿಲ್ಲ. ಈಗ ನಾನೂ ಬೇರೆಯವರು ಬರುವ ಮೊದಲೇ ಮಂಡಿಗೆ ಹೋಗುತ್ತೇನೆ. ಆ ಹೊತ್ತಿನಲ್ಲಿ ಹಮಾಲರ ಮಾತು ಬಿಟ್ಟರೆ ಸದ್ದಿಲ್ಲ. ಅಡಿಕೆ ಸಿಡಿಯುವುದು ಸ್ಪಷ್ಟವಾಗಿ ಕೇಳುತ್ತದೆ.

ಬೆಳೆಗಾರರದೂ ಇದೇ ಪಾಡು. ಮಾರುಕಟ್ಟೆ ವರದಿಯಲ್ಲಿ ಕನಿಷ್ಠ, ಗರಿಷ್ಠ ಎರಡೂ ಇರುತ್ತವೆ, ಆದರೆ ಮೊಬೈಲಿನಿಂದ ಮೊಬೈಲಿಗೆ ಹಾರುವುದು ಗರಿಷ್ಠವೊಂದೇ. ಒಳ್ಳೆಯ ದರಕ್ಕೇ ಮಾರಿದ ಹೊಸನಗರದ ಕಡೆಯ ಹಿರಿಯರೊಬ್ಬರು ಒಮ್ಮೆ ಪಕ್ಕದ ತೋಟದವರಿಗೆ 300 ರೂಪಾಯಿ ಹೆಚ್ಚು ಸಿಕ್ಕಿತೆಂದು ಊಟ ಮಾಡದೆ ಬಸ್ ಹತ್ತಿದ್ದರು. ಅವರನ್ನು ನೋಡಿ ನಗಲು ನನಗೆ ಯಾವ ಮುಖವಿತ್ತು?

ಕಳೆದ ವಾರ ಒಂದು ಒಳ್ಳೆಯ ಬೆಟ್ಟೆ ಲಾಟು 40 ರೂಪಾಯಿಯಲ್ಲಿ ಕೈತಪ್ಪಿತು. ತೆಗೆದುಕೊಂಡವನು ಅದೇ ಎಲೆ ಅಡಿಕೆಯವನು. ಸಂಜೆಯವರೆಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಕ್ಯಾಂಟೀನಿನಲ್ಲಿ ಸಿಕ್ಕಾಗ ಅವನು ಸಂಚಿ ಬಿಚ್ಚಿ ಒಂದು ಹೋಳು ಕೊಟ್ಟ. ಚೆನ್ನಾಗಿ ಒಣಗಿತ್ತು.