ಮದುವೆ ಮನೆಗೆ 102 ಮೆಗಾಪಿಕ್ಸೆಲ್: ಕೊಳ್ಳುವ ಮೊದಲು ಮೂರು ದಿನ ಬಾಡಿಗೆಗೆ ತಂದೆ

ನಾನು ಶಿವಮೊಗ್ಗದಲ್ಲಿ ಮದುವೆ ಫೋಟೋ ತೆಗೆಯುವವನು. ಮುಹೂರ್ತ ಇಲ್ಲದ ಆಷಾಢ, ಧನುರ್ಮಾಸಗಳಲ್ಲಿ ಸೀರೆ ಅಂಗಡಿಗಳಿಗೆ ಕ್ಯಾಟಲಾಗ್ ಮಾಡಿಕೊಡುತ್ತೇನೆ. 2024ರ ಮೇ ತಿಂಗಳಲ್ಲಿ ಫ್ಯೂಜಿಫಿಲ್ಮ್‌ನವರು ಜಿಎಫ್ಎಕ್ಸ್ 100ಎಸ್ 2 ಕ್ಯಾಮೆರಾ ಬಿಡುಗಡೆ ಮಾಡಿದಾಗಿಂದ ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. 102 ಮೆಗಾಪಿಕ್ಸೆಲ್. ಬೆಳಕು ಹಿಡಿಯುವ ಸೆನ್ಸರ್ ಫುಲ್ ಫ್ರೇಮ್‌ಗಿಂತ, ಅಂದರೆ 35 ಎಂಎಂ ಫಿಲ್ಮ್ ಅಳತೆಯ ಸೆನ್ಸರ್‌ಗಿಂತ, ಸುಮಾರು 1.7 ಪಟ್ಟು ದೊಡ್ಡದು. 2019ರಲ್ಲಿ ಮೊದಲ ಜಿಎಫ್ಎಕ್ಸ್ 100 ಬಂದಾಗ ಬೆಲೆ 10,000 ಡಾಲರ್ ಆಸುಪಾಸು ಇತ್ತು. ಇದು ಬಂದಾಗ ಅಮೆರಿಕದಲ್ಲಿ 4,999 ಡಾಲರ್. ಅರ್ಧಕ್ಕೆ ಇಳಿದಿದೆ ಅಂದರೆ ನಮ್ಮಂಥವರಿಗೂ ಕೈಗೆ ಸಿಗಬಹುದು ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತು. ಬ್ಯಾಂಕಿನಲ್ಲಿ ಸಾಲದ ಕಂತು ಎಷ್ಟು ಬರುತ್ತದೆ ಅಂತಲೂ ಕೇಳಿಕೊಂಡು ಬಂದೆ.

ಅಪ್ಪನಿಗೆ ಹೇಳಿದೆ. ಅವರು ಕಾಲು ಶತಮಾನ ಯಾಶಿಕಾ ಡಬಲ್ ಲೆನ್ಸ್ ಕ್ಯಾಮೆರಾದಲ್ಲಿ ಮದುವೆ ತೆಗೆದವರು. 120 ರೋಲು, ಒಂದು ರೋಲಿಗೆ 12 ಫೋಟೋ. ಆ ನೆಗೆಟಿವ್ 6 ಸೆಂಟಿಮೀಟರ್ ಚೌಕ, ಅಂದರೆ ಈ ಹೊಸ ಸೆನ್ಸರ್‌ನ ಎರಡು ಪಟ್ಟಿಗೂ ಜಾಸ್ತಿ. ಹಾಗೆ ನೋಡಿದರೆ ಮೀಡಿಯಂ ಫಾರ್ಮ್ಯಾಟ್, ಅಂದರೆ ಫುಲ್ ಫ್ರೇಮ್‌ಗಿಂತ ದೊಡ್ಡ ಅಳತೆಯ ಕ್ಯಾಮೆರಾ, ನಮ್ಮ ಮದುವೆಗಳಿಗೆ ಹೊಸದೇ ಅಲ್ಲ. ಆದರೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ಕಾಲದಲ್ಲಿ ತಾಳಿ ಹಿಡ್ಕೊಂಡು ಸ್ವಲ್ಪ ನಿಲ್ಲಿ ಅಂದ್ರೆ ನಿಲ್ತಿದ್ರು. ಈಗ ಮದುವೆ ಮನೇಲಿ ಯಾರಾದ್ರೂ ನಿಂಗೋಸ್ಕರ ನಿಲ್ತಾರೇನೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿನಿಂದ ಆ ಕ್ಯಾಮೆರಾವನ್ನು ಮೂರು ದಿನ ಬಾಡಿಗೆಗೆ ತಂದೆ.

ಬಾಡಿಗೆಗೆ ತರಲು ಇನ್ನೊಂದು ಕಾರಣವೂ ಇತ್ತು. ಕೆಲವು ವರ್ಷಗಳ ಹಿಂದೆ 45 ಮೆಗಾಪಿಕ್ಸೆಲ್‌ನ ಒಂದು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಕೊಂಡು, ಡಬ್ಬ ಬಿಚ್ಚಿದ ಮೂರನೇ ದಿನಕ್ಕೇ ರಿಸೆಪ್ಶನ್‌ಗೆ ಒಯ್ದಿದ್ದೆ. ಶಬ್ದ ಬರಬಾರದು ಅಂತ ಸೈಲೆಂಟ್ ಶಟರ್, ಅಂದರೆ ಎಲೆಕ್ಟ್ರಾನಿಕ್ ಶಟರ್, ಹಾಕಿದೆ. ವೇದಿಕೆ ಹಿಂದೆ ಎಲ್ಇಡಿ ಪರದೆ, ಮೇಲೆ ಎಲ್ಇಡಿ ದೀಪಗಳು. ರಾತ್ರಿ ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಮದುಮಗಳ ಮುಖದ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆಗಳು. ಒಂದೆರಡಲ್ಲ, ಸುಮಾರು 300 ಫೋಟೋಗಳಲ್ಲಿ.

ಕಾರಣ ಆಮೇಲೆ ಗೊತ್ತಾಯಿತು. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ, ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಸಾದಾ ಎಲ್ಇಡಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಓದಿ ಮುಗಿಸಲು ಸೆಕೆಂಡಿನ 60ನೇ ಒಂದು ಭಾಗ ಬೇಕು ಅಂದರೆ ಅಷ್ಟರಲ್ಲಿ ದೀಪ ಒಂದೂವರೆ ಸಲ ಮಿನುಗಿರುತ್ತದೆ, ಪಟ್ಟೆ ಬೀಳುತ್ತದೆ. ನಿಕಾನ್ ಝಡ್9ರಲ್ಲಿ ಈ ಓದುವ ಹೊತ್ತು ಸುಮಾರು 270ನೇ ಒಂದು ಭಾಗ, ಅದಕ್ಕೇ ಅದರಲ್ಲಿ ಪರದೆ ತೆರೆದು ಮುಚ್ಚುವ ಮೆಕ್ಯಾನಿಕಲ್ ಶಟರ್ ಇಲ್ಲ. 2023ರ ನವೆಂಬರ್‌ನಲ್ಲಿ ಬಂದ ಸೋನಿ ಎ9 3 ಎಲ್ಲ ಸಾಲುಗಳನ್ನೂ ಒಟ್ಟಿಗೇ ಓದುತ್ತದೆ. ಇದನ್ನೆಲ್ಲ ನಾನು ಮೊದಲೇ ತಿಳಿದುಕೊಳ್ಳಬೇಕಿತ್ತು. ಆ ಮನೆಯವರಿಗೆ ಅಡ್ವಾನ್ಸ್ ಹಣದಲ್ಲಿ ಅರ್ಧ ವಾಪಸ್ ಕೊಟ್ಟೆ. ಆ ಹುಡುಗಿಯ ಅಮ್ಮ ಜಗಳ ಆಡಲಿಲ್ಲ. "ಇನ್ನೊಂದ್ಸಲ ತೆಗೆಯೋಕೆ ಆಗಲ್ವಲ್ಲಪ್ಪ" ಅಂದರು. ಇವತ್ತಿಗೂ ಆ ಮಾತು ಕಿವಿಯಲ್ಲಿದೆ.

ಹಾಗಾಗಿ ಈ ಸಲ ಮೊದಲ ದಿನ ಸೀರೆ ಅಂಗಡಿಗೆ ಹೋದೆ. ಮೊಳಕಾಲ್ಮೂರು ರೇಷ್ಮೆ ಸೀರೆಯ ಸೆರಗನ್ನು ಬೋರ್ಡಿನ ಮೇಲೆ ಹರಡಿ, ಎರಡು ಸ್ಟುಡಿಯೋ ಲೈಟ್ ಇಟ್ಟು, ಟ್ರೈಪಾಡ್ ಮೇಲೆ ತೆಗೆದೆ. ದೊಡ್ಡ ಸೆನ್ಸರ್ ಆದ್ದರಿಂದ ಫೋಕಸ್ಸಿನ ಆಳ ಕಮ್ಮಿ, ಮಡಿಕೆಗಳೆಲ್ಲ ಸ್ಪಷ್ಟ ಬರಬೇಕಾದರೆ ಲೆನ್ಸ್‌ನ ಕಿಂಡಿಯನ್ನು ಎಫ್ 11ಕ್ಕೆ ಇಳಿಸಬೇಕಾಯಿತು (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು, ಬೆಳಕು ಕಮ್ಮಿ). ಆಮೇಲೆ ಲ್ಯಾಪ್‌ಟಾಪಿನಲ್ಲಿ ನೂರು ಪರ್ಸೆಂಟ್ ದೊಡ್ಡದು ಮಾಡಿದೆ. ಜರಿಯ ಎಳೆ ರೇಷ್ಮೆ ನೂಲಿನ ಮೇಲೆ ಹಾದು, ಕೆಳಗೆ ಮುಳುಗಿ, ಮತ್ತೆ ಮೇಲೆದ್ದು ಬರುವುದು ಕಂಡಿತು. ನವಿಲಿನ ಕಣ್ಣಿನ ಹತ್ತಿರ ಒಂದು ಎಳೆ ತುಸು ಸಡಿಲವಾಗಿದ್ದದ್ದೂ ಕಂಡಿತು. ಅಂಗಡಿ ಮಾಲೀಕರು ಪರದೆಯ ಮೇಲೇ ಬೆರಳಿಟ್ಟು ಸವರಿದರು. "ಇದು ಕೈಮಗ್ಗದ್ದು ಅಂತ ಯಾರಿಗೂ ಹೇಳೋದೇ ಬೇಡ ಸಾರ್, ಕಾಣ್ತಾ ಇದೆ" ಅಂದರು.

ಅದಕ್ಕಿಂತ ಉಪಯೋಗದ ವಿಷಯ ಇನ್ನೊಂದಿದೆ. ಈ ಫೈಲ್ 11,648 × 8,736 ಪಿಕ್ಸೆಲ್. ಅಂಚಿರುವ ಕಾಲುಭಾಗ ಮಾತ್ರ ಕತ್ತರಿಸಿಕೊಂಡರೂ 25 ಮೆಗಾಪಿಕ್ಸೆಲ್ ಉಳಿಯುತ್ತದೆ. ಪೂರ್ತಿ ಸೆರಗು, ಅಂಚು, ಬುಟ್ಟಾ ಅಂತ ಸೀರೆಗೆ ಮೂರು ಫೋಟೋ ತೆಗೆಯುತ್ತಿದ್ದ ಕಡೆ ಒಂದೇ ಸಾಕಾಯಿತು. ಒಂದು ದಿನಕ್ಕೆ ಮುಗಿಯುವ ಸೀರೆಗಳ ಸಂಖ್ಯೆಯೇ ಬದಲಾಯಿತು.

ಎರಡನೇ ದಿನ ಮದುವೆ. ಕೂಲಿಗೆ ಒಪ್ಪಿಕೊಂಡ ಕೆಲಸವನ್ನು ನನ್ನ ಹಳೇ ಕ್ಯಾನನ್ 5ಡಿ ಮಾರ್ಕ್ 4ರಲ್ಲೇ ಮಾಡಿದೆ. ಹೊಸದು ಇನ್ನೊಂದು ಹೆಗಲ ಮೇಲೆ, ಬರೀ ಪರೀಕ್ಷೆಗೆ. ಇದನ್ನು ಒತ್ತಿ ಹೇಳುತ್ತೇನೆ: ದುಡ್ಡು ಕೊಟ್ಟವರ ಮುಹೂರ್ತದಲ್ಲಿ ಗೊತ್ತಿಲ್ಲದ ಕ್ಯಾಮೆರಾವನ್ನು ನಂಬಿ ನಿಲ್ಲಬೇಡಿ.

ಧಾರೆ ಹೊತ್ತು ಹೇಗಿರುತ್ತದೆ ಅಂತ ಈ ಕೆಲಸದವರಿಗೆ ಗೊತ್ತು. ಅಂತರಪಟ ಹಿಡಿದಿರುತ್ತಾರೆ. ಹುಡುಗ ಹುಡುಗಿ ಕೈಯಲ್ಲಿ ಜೀರಿಗೆ ಬೆಲ್ಲ. ಪುರೋಹಿತರು ಕೈ ಎತ್ತುತ್ತಾರೆ, ವಾಲಗದವರು ಗಟ್ಟಿಮೇಳ ಶುರು ಮಾಡುತ್ತಾರೆ, ಪಟ ಸರಿಯುತ್ತದೆ. ಇಬ್ಬರೂ ಮುಖ ನೋಡಿಕೊಳ್ಳುವುದು ಒಂದೇ ಕ್ಷಣ. ಅಷ್ಟರಲ್ಲಿ ಅಕ್ಷತೆ ಬೀಳುತ್ತದೆ, ಮಾವ ಅಡ್ಡ ಬರುತ್ತಾರೆ, ಹತ್ತು ಮೊಬೈಲ್ ಮೇಲೇಳುತ್ತವೆ.

ಇಲ್ಲಿ ಲೆಕ್ಕವೇ ಬೇರೆ. ಸಭಾಂಗಣದಲ್ಲಿ ನನ್ನ ಅನ್ನ ಅಂದರೆ 70-200 ಎಫ್ 2.8 ಲೆನ್ಸ್. ಈ ಕ್ಯಾಮೆರಾಕ್ಕೆ ಬರುವ ಜಿಎಫ್ ಲೆನ್ಸ್‌ಗಳಲ್ಲಿ ಅದಕ್ಕೆ ಹತ್ತಿರದ್ದು 100-200 ಎಫ್ 5.6. ಎರಡು ಸ್ಟಾಪ್ ಬೆಳಕು ಕಮ್ಮಿ, ಕಾಲುಭಾಗ ಮಾತ್ರ ಒಳಗೆ ಬರುತ್ತದೆ, ಅಂದರೆ ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ (ಐಎಸ್ಒ) 3,200 ಸಾಕಾಗುವ ಕಡೆ 12,800 ಬೇಕು, ಚಿತ್ರದಲ್ಲಿ ಕಾಳು ಹೆಚ್ಚುತ್ತದೆ. ದೊಡ್ಡ ಸೆನ್ಸರ್ ಅದರಲ್ಲಿ ಒಂದು ಪಾಲನ್ನು ವಾಪಸ್ ಕೊಡುತ್ತದೆ, ಪೂರ್ತಿ ಅಲ್ಲ. ಹೊರಗೆ ಚಪ್ಪರದ ಬಿಸಿಲಲ್ಲಿ ಫ್ಲ್ಯಾಷ್ ಹಾಕಿದರೆ ಶಟರ್ 1/125 ಸೆಕೆಂಡ್ ದಾಟುವ ಹಾಗಿಲ್ಲ. ಅಕ್ಷತೆ ಎರಚುವ ಕೈಗೆ ಅಷ್ಟು ವೇಗ ಸಾಲದು. ಫ್ಲ್ಯಾಷ್ ಬಿಡದೆ ಮಿಂಚುತ್ತಿರುವ ಹೈ ಸ್ಪೀಡ್ ಸಿಂಕ್ ಹಾಕಿದರೆ ದಾಟಬಹುದು, ಆದರೆ ಫ್ಲ್ಯಾಷ್‌ನ ಬಲ ಬಿದ್ದುಹೋಗುತ್ತದೆ. ಇದು ಕ್ಯಾಮೆರಾದ ತಪ್ಪಲ್ಲ. ಅದನ್ನು ಮಾಡಿರುವುದೇ ನಿಧಾನದ ಕೆಲಸಕ್ಕೆ. ಜೊತೆಗೆ ಮದುವೆಗೆ ಎರಡು ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಬೇಕೇ ಬೇಕು, ಒಂದು ಕೈಕೊಟ್ಟರೆ ಇನ್ನೊಂದು. ಹಾಗಾಗಿ ನಾನು ಕೇಳಿಕೊಂಡು ಬಂದಿದ್ದ ಕಂತಿನ ಲೆಕ್ಕ ಒಂದು ಬಾಡಿಯದ್ದು, ನಿಜವಾದ ಖರ್ಚು ಎರಡು ಬಾಡಿ, ನಾಲ್ಕು ಲೆನ್ಸ್‌ಗಳದ್ದು.

ಮೂರನೇ ದಿನ ಸ್ಟುಡಿಯೋದಲ್ಲಿ. ನಮ್ಮ ಎಡಿಟಿಂಗ್ ಹುಡುಗ ಫೈಲ್ ನೋಡಿ "ಅಣ್ಣ, ಇದು ಒಂದೇ ಫೋಟೋನಾ?" ಅಂದ. 16 ಬಿಟ್, ಕಂಪ್ರೆಸ್ ಮಾಡದೆ ಇಟ್ಟರೆ ಒಂದೊಂದು ರಾ ಫೈಲ್ (ಸಂಸ್ಕರಿಸದ ಮೂಲ ಫೈಲ್) 200 ಎಂಬಿ ದಾಟುತ್ತದೆ. ಎರಡು ದಿನದ ಮದುವೆಗೆ ನಾನು 4,000 ಫೋಟೋ ತೆಗೆಯುತ್ತೇನೆ. ಅಲ್ಲಿಗೆ 800 ಜಿಬಿ, ಬ್ಯಾಕಪ್ ಸೇರಿಸಿದರೆ 1.6 ಟಿಬಿ, ಅದೂ ಒಂದು ಮದುವೆಗೆ. ಕಂಪ್ರೆಸ್ ಮಾಡಿದರೆ ಇಳಿಯುತ್ತದೆ, ಆದರೂ ನನ್ನ ಹಳೇ ಕ್ಯಾಮೆರಾದ 40 ಎಂಬಿ ಫೈಲ್ ಎಲ್ಲಿ, ಇದೆಲ್ಲಿ.

ಇಷ್ಟೆಲ್ಲ ಕೊನೆಗೆ ಹೋಗಿ ಕೂರುವುದು ಎಲ್ಲಿ? 12×36 ಆಲ್ಬಂ ಹಾಳೆಯಲ್ಲಿ. ಅದರ ಅರ್ಧ ಪುಟ 12×18 ಇಂಚು. ಇಂಚಿಗೆ 300 ಚುಕ್ಕೆಯಂತೆ (300 ಡಿಪಿಐ) ಲೆಕ್ಕ ಹಾಕಿದರೆ 3,600 × 5,400, ಅಂದರೆ 19.4 ಮೆಗಾಪಿಕ್ಸೆಲ್. 24 ಮೆಗಾಪಿಕ್ಸೆಲ್ ಕ್ಯಾಮೆರಾ ಆರಾಮಾಗಿ ಸಾಕು. ನನ್ನ ಹತ್ತು ವರ್ಷದ ಆಲ್ಬಂಗಳನ್ನು ತೆಗೆದು ನೋಡಿದೆ. ಇಡೀ 36 ಇಂಚಿಗೆ ಒಂದೇ ಫೋಟೋ ಹರಡಿದ್ದು ಆಲ್ಬಂಗೆ ಎರಡು ಮೂರು ಮಾತ್ರ.

ಅದಕ್ಕೇ ಮದುವೆಗೆ 24 ಮೆಗಾಪಿಕ್ಸೆಲ್‌ನ ಕ್ಯಾನನ್ ಆರ್6 ಮಾರ್ಕ್ 2 ಎರಡು ತಗೊಂಡೆ. ನನ್ನ ಹಳೇ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಕೂರುತ್ತವೆ, ಲೆನ್ಸ್‌ಗೆ ಹೊಸ ಖರ್ಚಿಲ್ಲ. ಎಲ್ಇಡಿ ಪರದೆ ಕಂಡ ಕಡೆ ಮೆಕ್ಯಾನಿಕಲ್ ಶಟರ್, ದೀಪದ ಮಿನುಗು ತಪ್ಪಿಸುವ ಆ್ಯಂಟಿ ಫ್ಲಿಕರ್ ಆನ್. ಸೀರೆ ಕ್ಯಾಟಲಾಗ್ ಬಂದಾಗ ಜಿಎಫ್ಎಕ್ಸ್ ಬಾಡಿಗೆಗೆ ತರುತ್ತೇನೆ, ಬಾಡಿಗೆಯನ್ನು ಕೊಟೇಶನ್‌ನಲ್ಲೇ ಸೇರಿಸುತ್ತೇನೆ. ವಾರಕ್ಕೆ ನಾಲ್ಕು ದಿನ ಒಡವೆ, ಸೀರೆ, ಕಲಾಕೃತಿಗಳನ್ನೇ ತೆಗೆಯುವವರಾದರೆ ಕೊಂಡುಬಿಡಿ, ಕಣ್ಣುಮುಚ್ಚಿ ಹೇಳುತ್ತೇನೆ. ನನ್ನ ಕೆಲಸ ಹಾಗಿಲ್ಲ.

ಆ ಮದುವೆಯಲ್ಲಿ ಒಂದು ಕಡೆ ಮಾತ್ರ ಎಲ್ಲರೂ ನಿಂತಿದ್ದರು. ಊಟಕ್ಕೆ ಏಳುವ ಮೊದಲು ಹುಡುಗಿ ಕಡೆಯವರು ಪೂರ್ತಿ ಮನೆತನದ ಗ್ರೂಪ್ ಫೋಟೋ ಬೇಕು ಅಂದರು. ನಾಲ್ಕು ಸಾಲು, 54 ಜನ, ನಡುವೆ ಕುರ್ಚಿಯಲ್ಲಿ ಅಜ್ಜಿ. ಟ್ರೈಪಾಡ್ ಇಟ್ಟು, ಎರಡು ಫ್ಲ್ಯಾಷ್ ಹಾಕಿ, ಎಫ್ 11ರಲ್ಲಿ ಹೊಸ ಕ್ಯಾಮೆರಾದಲ್ಲೂ ಆರು ಫೋಟೋ ತೆಗೆದಿದ್ದೆ. ಆಲ್ಬಂ ಕೊಡುವಾಗ ಅದನ್ನು 24×32 ಇಂಚಿಗೆ ಪ್ರಿಂಟ್ ಹಾಕಿಸಿದೆ. ಅಷ್ಟು ದೊಡ್ಡದರಲ್ಲೂ ಇಂಚಿಗೆ 364 ಪಿಕ್ಸೆಲ್.

ಫ್ರೇಮ್ ಹಾಕಿಸುವ ಮೊದಲು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿದೆ. ಅಪ್ಪ ಒಳಗೆ ಹೋಗಿ ನೆಗೆಟಿವ್ ನೋಡುತ್ತಿದ್ದ ಹಳೇ ಭೂತಗನ್ನಡಿ ಹುಡುಕಿ ತಂದರು. ಹಿಂದಿನ ಸಾಲಿನ ಎಡತುದಿಯಿಂದ ಶುರು ಮಾಡಿ ಒಂದೊಂದೇ ಮುಖ ನೋಡುತ್ತಾ ಬಂದರು. ಅಜ್ಜಿಯ ಹತ್ತಿರ ಬಂದಾಗ ನಿಂತು, ಕನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದರು. "ಮೂಗುತಿಯ ಹರಳು ಎಣಿಸಬಹುದು ನೋಡು" ಅಂದರು.