ಹಸುವಿನ ಹಾಲಿನಲ್ಲಿ ಬಂದ ಬೆಳ್ಳುಳ್ಳಿ

1890ರಲ್ಲಿ ಹ್ಯಾಮಿಲ್ಟನ್ ಬೋವರ್ ಎಂಬ ಬ್ರಿಟಿಷ್ ಸೇನಾಧಿಕಾರಿಗೆ ಮಧ್ಯ ಏಷ್ಯಾದ ಕುಚಾದಲ್ಲಿ ಭೂರ್ಜಪತ್ರದ ಹಸ್ತಪ್ರತಿಯೊಂದು ಸಿಕ್ಕಿತು. ಸುಮಾರು 1,500 ವರ್ಷ ಹಳೆಯದು, ಸಂಸ್ಕೃತದ್ದು. ಅದನ್ನು ಓದಿ ಅಚ್ಚಿಗೆ ತಂದವರು ರುಡಾಲ್ಫ್ ಹರ್ನ್ಲೆ. ಅದರ ವೈದ್ಯದ ಮಾತು ಶುರುವಾಗುವುದೇ ಬೆಳ್ಳುಳ್ಳಿಯಿಂದ.

ಅದರಲ್ಲೊಂದು ಕಥೆ ಇದೆ. ಅಮೃತ ಕುಡಿದ ಅಸುರನ ತಲೆಯನ್ನು ವಿಷ್ಣು ಕತ್ತರಿಸಿದ. ಅವನ ಗಂಟಲಿನಿಂದ ನೆಲಕ್ಕೆ ಬಿದ್ದ ಹನಿಗಳಿಂದ ಬೆಳ್ಳುಳ್ಳಿ ಹುಟ್ಟಿತು. ಹಾಗಾಗಿ ಬ್ರಾಹ್ಮಣರು ತಿನ್ನಬಾರದು, ಆದರೆ ಅದರಲ್ಲಿ ಅಮೃತದ ಗುಣವಿದೆ. ಅವರಿಗೆ ಕಾಯಿಲೆ ಬಂದರೆ? ಅದಕ್ಕೂ ದಾರಿ ಹೇಳಿದ್ದಾರೆ. ಹಸುವಿಗೆ ಮೂರು ರಾತ್ರಿ ಹೆಚ್ಚುಕಡಿಮೆ ಹುಲ್ಲೇ ಕೊಡದೆ, ಆಮೇಲೆ ಬೆಳ್ಳುಳ್ಳಿ ಗಿಡ ಬೆರೆಸಿದ ಹುಲ್ಲು ಹಾಕಬೇಕು. ಆ ಹಸುವಿನ ಹಾಲು, ಮೊಸರು, ತುಪ್ಪ, ಮಜ್ಜಿಗೆ ಯಾವುದನ್ನು ಬೇಕಾದರೂ ತೆಗೆದುಕೊಳ್ಳಬಹುದು!

ಇದನ್ನು ಓದಿದಾಗ ನನಗೆ ನಮ್ಮ ಮನೆಯೇ ಕಣ್ಣಮುಂದೆ ಬಂತು. ಶಿವಮೊಗ್ಗದ ನಮ್ಮ ತವರಿನಲ್ಲಿ ಅಡುಗೆಗೆ ಬೆಳ್ಳುಳ್ಳಿ ಹಾಕುವುದಿಲ್ಲ. ಆದರೆ ನನ್ನ ಬಾಣಂತನದಲ್ಲಿ ಅಮ್ಮ ಹಿತ್ತಲಿನಲ್ಲಿ ಬೇರೆ ಒಲೆ ಹೂಡಿ, ಬೆಳ್ಳುಳ್ಳಿಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು ಬಿಸಿ ಅನ್ನದ ಜೊತೆ ಕೊಡುತ್ತಿದ್ದರು. “ಇದು ಊಟ ಅಲ್ಲ ಕಣೇ, ಔಷಧಿ” ಅನ್ನುತ್ತಿದ್ದರು. ಮಡಿಯನ್ನೂ ಬಿಡದೆ, ಬಾಣಂತಿಯನ್ನೂ ಬಿಡದೆ ನಡೆದುಕೊಂಡ ಆ ಜಾಣತನ ನನಗೆ ತುಂಬಾ ಇಷ್ಟ. ಹಸ್ತಪ್ರತಿ ಬರೆದವರಿಗೂ ಇದೇ ಕಾಳಜಿ ಇತ್ತು, ಅಲ್ವಾ?

ಅದೇ ಹಸ್ತಪ್ರತಿಯಲ್ಲಿ ಚಳಿಗಾಲದ ಬೆಳ್ಳುಳ್ಳಿ ಹಬ್ಬವೂ ಇದೆ. ಮನೆ ಬಾಗಿಲಿಗೆ ಬೆಳ್ಳುಳ್ಳಿ ಮಾಲೆ ಕಟ್ಟುತ್ತಿದ್ದರಂತೆ. ಬೆಳ್ಳುಳ್ಳಿ ಅರೆದು, ಬಟ್ಟೆಯಲ್ಲಿ ಸೋಸಿದ ಹಸಿ ರಸ ಕುಡಿಯುವ ಕ್ರಮವನ್ನೂ ಹೇಳಿದೆ.

ಈ ಅರೆಯುವುದರಲ್ಲೇ ಗುಟ್ಟಿದೆ. ಇಡೀ ಎಸಳಿಗೆ ಅಷ್ಟು ವಾಸನೆ ಇರುವುದಿಲ್ಲ. ಅದರೊಳಗೆ ಅಲಿಯಿನ್ ಎಂಬ ಗಂಧಕದ ಸಂಯುಕ್ತ ಒಂದು ಕಡೆ, ಅಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಜಜ್ಜಿದಾಗ ಎರಡೂ ಸೇರಿ, ಆ ಕಿಣ್ವ ಅಲಿಯಿನ್ ಅನ್ನು ಅಲಿಸಿನ್ ಎಂಬ ವಸ್ತುವಾಗಿ ಬದಲಿಸುತ್ತದೆ. ಮೂಗಿಗೆ ಹೊಡೆಯುವ ಘಾಟು ಅದರದ್ದೇ. 1944ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಕ್ಯಾವಲಿಟೊ ಮತ್ತು ಬೈಲಿ ಇದನ್ನು ಬೇರ್ಪಡಿಸಿ, ಬ್ಯಾಕ್ಟೀರಿಯಾದ ಮೇಲೆ ಇದರ ಪರಿಣಾಮ ತೋರಿಸಿದರು. ಬಿಸಿ ತಾಗಿದರೆ ಆ ಕಿಣ್ವ ಕೆಡುತ್ತದೆ. ಹಾಗಾಗಿ ಇಡೀ ಎಸಳನ್ನು ಕುದಿಯುವ ಸಾರಿಗೆ ಹಾಕಿದರೆ ಅಲಿಸಿನ್ ಹುಟ್ಟುವುದೇ ಇಲ್ಲ ಅನ್ನಬಹುದು. ನಾನು ಈಗ ಜಜ್ಜಿ, ಹತ್ತು ನಿಮಿಷ ಸುಮ್ನೆ ಬಿಟ್ಟು, ಆಮೇಲೆ ಒಗ್ಗರಣೆಗೆ ಹಾಕುತ್ತೇನೆ. ಅಮ್ಮನ ತುಪ್ಪದ ಬೆಳ್ಳುಳ್ಳಿಯಲ್ಲಿ ಅಲಿಸಿನ್ ಜಾಸ್ತಿ ಇದ್ದಿರಲಾರದು. ಆದರೆ ಬಾಯಿಗೆ ರುಚಿ ಸಿಕ್ಕಿ ನಾನು ಎರಡು ತುತ್ತು ಜಾಸ್ತಿ ಉಣ್ಣುತ್ತಿದ್ದೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಜಜ್ಜಿದ ಹಸಿ ಬೆಳ್ಳುಳ್ಳಿಯನ್ನು ಮಗುವಿನ ಚರ್ಮಕ್ಕೆ ಕಟ್ಟಬೇಡಿ, ಸುಟ್ಟಂತೆ ಬೊಬ್ಬೆ ಏಳುತ್ತದೆ. ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಆಪರೇಷನ್‌ಗೆ ಹೋಗುವವರು ಡಾಕ್ಟರನ್ನು ಕೇಳದೆ ಬೆಳ್ಳುಳ್ಳಿಯನ್ನು ಔಷಧಿಯಂತೆ ದಿನಾ ತಿನ್ನಬೇಡಿ.